ಹುಬ್ಬಳ್ಳಿಯಿಂದ ಅಜ್ಮೀರಿನ ಉರುಸಿಗೆ: ಹೊರಡುವವರು ತಿಳಿದಿರಬೇಕಾದ ಕೆಲವು ಸಂಗತಿಗಳು

ಅಜ್ಮೀರಿನ ಖ್ವಾಜಾ ಮೊಯಿನುದ್ದೀನ್ ಚಿಶ್ತಿಯವರ ದರ್ಗಾಕ್ಕೆ ಉರುಸಿನ ಸಮಯದಲ್ಲಿಯೇ ಹೋಗಬೇಕೆಂದು ಹರಕೆ ಹೊತ್ತವರಿಗೆ ಮೊದಲ ತೊಡಕು ಎದುರಾಗುವುದು ದಿನಾಂಕದ ವಿಷಯದಲ್ಲಿ. ಉರುಸು ಹಿಜರಿ ಪಂಚಾಂಗದ ರಜಬ್ ತಿಂಗಳ 1ರಿಂದ 6ರವರೆಗೆ ನಡೆಯುತ್ತದೆ, 9ರಂದು ದೊಡ್ಡ ಕುಲ್, ಅಂದರೆ ಸಮಾಪ್ತಿಯ ವಿಧಿ, ಆಗಿ ಮುಗಿಯುತ್ತದೆ. ಆ ತಿಂಗಳು ಯಾವ ದಿನ ಹುಟ್ಟುತ್ತದೆ ಎಂಬುದು ಹಿಂದಿನ ಸಂಜೆ ಚಂದ್ರ ಕಂಡ ಮೇಲೆಯೇ ನಿಶ್ಚಯವಾಗುತ್ತದೆ. ರೈಲಿನ ಟಿಕೆಟನ್ನಾದರೋ 60 ದಿನ ಮೊದಲೇ ಕಾಯ್ದಿರಿಸಬೇಕು. 2025ರಲ್ಲಿ ರಜಬ್ ಡಿಸೆಂಬರ್ ತಿಂಗಳ ಕೊನೆಯ ಭಾಗಕ್ಕೆ ಬಂದಿತ್ತು. ಅಂದರೆ ನಾವು ಟಿಕೆಟಿಗಾಗಿ ಕುಳಿತದ್ದು ದೀಪಾವಳಿಯ ಗದ್ದಲದಲ್ಲಿ. ಪ್ರತಿವರ್ಷ ಈ ದಿನಗಳು ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ ಎಂಬುದನ್ನು ಲೆಕ್ಕ ಹಾಕಿ, ಎರಡೂ ಕಡೆಗೆ ಒಂದೊಂದು ದಿನದ ಸಡಿಲು ಇಟ್ಟುಕೊಂಡು ಟಿಕೆಟ್ ಮಾಡಿಸುವುದು ಒಳ್ಳೆಯದು.

ಹೊರಟವರು ನಾನು, ನನ್ನ ಅವ್ವ ಮತ್ತು ಪಕ್ಕದ ಮನೆಯ ಖಾಲಾ. ಖಾಲಾ ಅವರ ಮೊಮ್ಮಗಳು ಬಹುಕಾಲ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದಿದ್ದಳು. ಹರಕೆ ಆಗ ಹೊತ್ತದ್ದು. ನಮ್ಮದು ಲಿಂಗಾಯತ ಮನೆತನ. ಅವ್ವ ಪ್ರತಿದಿನ ಲಿಂಗಪೂಜೆ ಮಾಡದೆ ನೀರು ಸಹ ಕುಡಿಯುವವರಲ್ಲ. ಆದರೂ ಅವರು ಅಜ್ಮೀರಿಗೆ ಹೊರಡಲು ಹಿಂದೆಮುಂದೆ ನೋಡಲಿಲ್ಲ. ನವಲಗುಂದದ ಬಳಿಯ ಯಮನೂರಿನಲ್ಲಿ ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾ ಬಾಗ್‌ಸವಾರನೆಂದೂ ನಡೆದುಕೊಳ್ಳುವ ಗದ್ದುಗೆಗೆ ಈ ಇಬ್ಬರೂ ಹರೆಯದಿಂದ ಜೊತೆಯಾಗಿಯೇ ಹೋಗಿ ಬಂದವರು. "ಯಮನೂರಿಗೆ ಆಕಿ ನನ್ನ ಜೋಡಿ ಬಂದಾಳ, ಅಜ್ಮೀರಕ್ಕ ನಾ ಆಕಿ ಜೋಡಿ ಹೊಕ್ಕೇನಿ" ಎಂದು ಅವ್ವ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಚರ್ಚೆ ಉಳಿಯಲಿಲ್ಲ.

ನೆಂಟರಿಷ್ಟರಲ್ಲಿ ಮಾತ್ರ ಉಳಿಯಿತು. ದರ್ಗಾದ ಜಾಗದಲ್ಲಿ ಹಿಂದೆ ಶಿವಾಲಯವಿತ್ತೆಂದು ಹೂಡಿದ ದಾವೆಯನ್ನು ಅಜ್ಮೀರಿನ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಂಡು, 2024ರ ನವೆಂಬರ್ 27ರಂದು ದರ್ಗಾ ಸಮಿತಿಗೆ, ಅಲ್ಪಸಂಖ್ಯಾತರ ವ್ಯವಹಾರಗಳ ಸಚಿವಾಲಯಕ್ಕೆ ಮತ್ತು ಪುರಾತತ್ತ್ವ ಇಲಾಖೆಗೆ ನೋಟಿಸು ಕೊಟ್ಟಿದ್ದು ಎಲ್ಲರ ನೆನಪಿನಲ್ಲಿತ್ತು. ಅಂಥ ಊರಿಗೆ ವಯಸ್ಸಾದವರನ್ನು ಕರೆದುಕೊಂಡು ಹೋಗುವುದೇ ಎಂದು ಒಬ್ಬರು, ಖಾಲಾ ಅವರನ್ನು ಅವರ ಮಕ್ಕಳೇ ಕರೆದೊಯ್ಯಬಾರದೇ ಎಂದು ಇನ್ನೊಬ್ಬರು. ಅವರ ಮಗ ಕೊಲ್ಲಿ ದೇಶದಲ್ಲಿ ದುಡಿಯುತ್ತಾನೆ, ಆಗ ರಜೆ ಸಿಗುವಂತಿರಲಿಲ್ಲ ಎಂಬ ಸರಳ ಉತ್ತರವನ್ನು ನಾನು ಬೇಸರವಾಗುವಷ್ಟು ಸಲ ಕೊಡಬೇಕಾಯಿತು. ಇದೇ ಹಾದಿ ಹಿಡಿಯುವ ಬೇರೆ ಕುಟುಂಬಗಳೂ ಇಂಥ ಮಾತುಗಳಿಗೆ ಸಿದ್ಧವಾಗಿರಲಿ. ಅಜ್ಮೀರಿನಲ್ಲಿ ಯಾರೂ ಈ ಬಗ್ಗೆ ನಮ್ಮನ್ನು ಒಂದು ಮಾತೂ ಕೇಳಲಿಲ್ಲ.

ಟಿಕೆಟಿನ ವಿಷಯ ವಿವರವಾಗಿ ಹೇಳಬೇಕು. ಮೈಸೂರಿನಿಂದ ಅಜ್ಮೀರಿಗೆ ನೇರ ಎಕ್ಸ್‌ಪ್ರೆಸ್ ರೈಲಿದೆ. ಬೆಂಗಳೂರು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಪುಣೆ, ಅಹಮದಾಬಾದ್ ಮಾರ್ಗವಾಗಿ ಹೋಗುವ ಈ ರೈಲು ಪ್ರತಿದಿನ ಓಡುವುದಿಲ್ಲವಾದ್ದರಿಂದ, ಅದರ ದಿನಕ್ಕೆ ನಮ್ಮ ದಿನವನ್ನು ಹೊಂದಿಸಿಕೊಳ್ಳಬೇಕೇ ಹೊರತು ಬೇರೆ ದಾರಿಯಿಲ್ಲ. ನಾವು ಮಾಡಿಸಿದಾಗ, 2025ರ ಅಕ್ಟೋಬರ್ 1ರಿಂದ ಬಂದಿದ್ದ ನಿಯಮದಂತೆ, ಬುಕಿಂಗ್ ತೆರೆದ ಮೊದಲ 15 ನಿಮಿಷ ಆಧಾರ್ ದೃಢೀಕರಿಸಿದ ಖಾತೆಯವರಿಗಷ್ಟೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಲು ಅವಕಾಶವಿತ್ತು. ಉರುಸಿನ ವಾರದ ರೈಲಿನಲ್ಲಿ ಆ 15 ನಿಮಿಷಗಳೇ ಎಲ್ಲವೂ ಆಗಿದ್ದವು. ಹಿಂದಿನ ರಾತ್ರಿಯೇ ಖಾತೆಗೆ ಆಧಾರ್ ಜೋಡಿಸಿ, ಒಟಿಪಿ ಬರುವ ಮೊಬೈಲನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತರೆ ಮಾತ್ರ ಸೀಟು ಸಿಕ್ಕೀತು. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ, ಹಾಗಾಗಿ ಪೂರ್ತಿ ದರ. ತ್ರೀ ಟಯರ್ ಎ.ಸಿ.ಗೆ ಹುಬ್ಬಳ್ಳಿಯಿಂದ ತಲಾ ಎರಡು ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. ಇನ್ನೊಂದು ಕಿವಿಮಾತು: ಹಿರಿಯರಿಗೆ ಮೀಸಲಾದ ಕೆಳಗಿನ ಬರ್ತಿನ ಕೋಟಾ, ಒಂದು ಟಿಕೆಟಿನಲ್ಲಿ ಅರ್ಹರು ಒಬ್ಬರು ಅಥವಾ ಇಬ್ಬರೇ ಇದ್ದಾಗ ಅನ್ವಯಿಸುತ್ತದೆ. ಆದ್ದರಿಂದ ಅವ್ವ ಮತ್ತು ಖಾಲಾ ಅವರದು ಒಂದು ಟಿಕೆಟ್, ನನ್ನದು ಬೇರೆ ಟಿಕೆಟ್ ಮಾಡಿಸಿದೆ. ಅವರಿಬ್ಬರಿಗೂ ಕೆಳಗಿನ ಬರ್ತ್ ಬಂತು. ನನ್ನದು ವೇಟಿಂಗ್ ಲಿಸ್ಟಿನಲ್ಲಿ ಕುಳಿತು, ಹೊರಡುವ ದಿನ ಚಾರ್ಟ್ ಆದ ಮೇಲೆ ಬೇರೊಂದು ಬೋಗಿಯಲ್ಲಿ ಖಚಿತವಾಯಿತು.

ಕಾಗದಪತ್ರಗಳ ಪೈಕಿ ಬೇಕಾಗುವುದು ಗುರುತಿನ ಚೀಟಿ ಒಂದೇ, ಆದರೆ ಅದು ಸರಿಯಾಗಿರಬೇಕು. ಖಾಲಾ ಅವರ ಆಧಾರ್ ಕಾರ್ಡಿನಲ್ಲಿ ಹೆಸರು ಒಂದು ಬಗೆ, ಮತದಾರರ ಚೀಟಿಯಲ್ಲಿ ಇನ್ನೊಂದು ಬಗೆ. ಆಧಾರಿಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಎಂದೋ ಬಂದಾಗಿತ್ತು. ಉರುಸಿನ ದಿನಗಳಲ್ಲಿ ಅಜ್ಮೀರಿನ ಲಾಡ್ಜ್‌ಗಳು ಪ್ರತಿಯೊಬ್ಬ ಅತಿಥಿಯ ಮೂಲ ಗುರುತಿನ ಚೀಟಿಯನ್ನು ನೋಡಿ, ನಕಲು ತೆಗೆದಿಟ್ಟುಕೊಂಡೇ ಕೋಣೆ ಕೊಡುತ್ತವೆ. ಮೊಬೈಲ್ ಸಂಖ್ಯೆ ಬದಲಿಸಲು ಆಧಾರ್ ಕೇಂದ್ರದ ಮುಂದೆ ಎರಡು ಬೆಳಗು ಕಾಯಬೇಕಾಯಿತು. ಈ ಕೆಲಸವನ್ನು ಟಿಕೆಟಿಗಿಂತ ಮೊದಲೇ ಮುಗಿಸಿಕೊಳ್ಳುವುದು ಮೇಲು. ಮೂಲ ಚೀಟಿಗಳ ಜೊತೆ ಮೂರು ನಾಲ್ಕು ಜೆರಾಕ್ಸ್ ಪ್ರತಿಗಳು, ಔಷಧಿಗಳು, ವೈದ್ಯರ ಚೀಟಿ, ಒಂದು ದಪ್ಪ ಶಾಲು, ಉಣ್ಣೆಯ ಕಾಲುಚೀಲ ಇಟ್ಟುಕೊಂಡೆವು. ಡಿಸೆಂಬರಿನ ಅಜ್ಮೀರಿನ ಚಳಿ ನಮ್ಮ ಧಾರವಾಡ ಸೀಮೆಯ ಚಳಿಯಂತಲ್ಲ. ಅಮೃತಶಿಲೆಯ ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದಾಗ ಅದು ಮೊಣಕಾಲಿನವರೆಗೆ ಏರುತ್ತದೆ. ಕಾಲುಚೀಲ ಹಾಕಿಕೊಂಡು ನಡೆದದ್ದಕ್ಕೆ ಯಾರೂ ಆಕ್ಷೇಪಿಸಲಿಲ್ಲ.

ರೈಲಿನ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಅಹಮದಾಬಾದಿನವರೆಗೆ ಬಂದವು. ಬೋಗಿಯ ಅರ್ಧದಷ್ಟು ಜನ ಉರುಸಿಗೇ ಹೊರಟವರಾಗಿದ್ದರು. ಕಲಬುರಗಿಯ ಬಂದೇ ನವಾಜರ ಉರುಸಿಗೆ ತಪ್ಪದೆ ಹೋಗುವ ಖಾಲಾ, ಆ ಗುರುಪರಂಪರೆಯನ್ನು ಅವ್ವನಿಗೆ ಬೆರಳು ಮಡಚಿ ಹೇಳಿದರು: ಅಜ್ಮೀರಿನ ಖ್ವಾಜಾ, ಅವರ ಶಿಷ್ಯ ಕುತುಬುದ್ದೀನ್ ಬಖ್ತಿಯಾರ್ ಕಾಕಿ, ಅವರ ಶಿಷ್ಯ ಬಾಬಾ ಫರೀದ್, ಅವರ ಶಿಷ್ಯ ದಿಲ್ಲಿಯ ನಿಜಾಮುದ್ದೀನ್ ಔಲಿಯಾ, ಅವರ ಶಿಷ್ಯ ಚಿರಾಗ್ ದೆಹಲವಿ, ಅವರ ಶಿಷ್ಯ ನಮ್ಮ ಕಲಬುರಗಿಯ ಗೇಸುದರಾಜ್ ಬಂದೇ ನವಾಜ್. 1236ರಲ್ಲಿ ಅಜ್ಮೀರಿನಲ್ಲಿ ತೀರಿಕೊಂಡವರಿಂದ 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡವರವರೆಗೆ ಆರು ಹೆಸರುಗಳು. ಶಿಶುನಾಳ ಷರೀಫರ ಗುರು ಗೋವಿಂದಭಟ್ಟರು ಎಂಬುದನ್ನು ಬಾಲ್ಯದಿಂದ ಕೇಳಿಕೊಂಡು ಬೆಳೆದ ಅವ್ವನಿಗೆ ಗುರುಶಿಷ್ಯರ ಈ ಲೆಕ್ಕ ಒಮ್ಮೆಲೇ ತಿಳಿಯಿತು.

ಅಜ್ಮೀರಿನ ನಿಲ್ದಾಣದಿಂದ ದರ್ಗಾ ಎರಡು ಕಿಲೋಮೀಟರಿನೊಳಗೇ ಇದೆ. ಬ್ಯಾಟರಿ ಆಟೋದವರು ಉರುಸಿನ ದಿನಗಳಲ್ಲಿ ದಿಲ್ಲಿ ಗೇಟಿನ ಈಚೆಗೇ ಇಳಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ವಾಹನಕ್ಕೆ ಪ್ರವೇಶವಿಲ್ಲ, ದರ್ಗಾ ಬಜಾರಿನ ಇಕ್ಕಟ್ಟಾದ ಬೀದಿಯಲ್ಲಿ ನಡೆದೇ ಹೋಗಬೇಕು. ಬಸ್ಸು ಮಾಡಿಕೊಂಡು ಗುಂಪಾಗಿ ಬರುವವರಿಗೆ ಊರಹೊರಗಿನ ಕಾಯಡ್ ವಿಶ್ರಾಮಸ್ಥಳಿಯಲ್ಲಿ ವಾಹನ ನಿಲ್ಲಿಸಿ ತಂಗುವ ವ್ಯವಸ್ಥೆ ಇರುತ್ತದೆ. ನಡೆಯಲಾಗದ ಹಿರಿಯರಿದ್ದರೆ ಈ ಕೊನೆಯ ಅರ್ಧ ಕಿಲೋಮೀಟರನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ಇಡೀ ಪ್ರಯಾಣದಲ್ಲಿ ಅತ್ಯಂತ ಆಯಾಸದ ಭಾಗ ಅದೇ.

ನಮಗೆ ನಿಜವಾದ ಪೆಟ್ಟು ಬಿದ್ದದ್ದು ವಸತಿಯಲ್ಲಿ. ಆನ್‌ಲೈನಿನಲ್ಲಿ ಮುಂಗಡ ಕಟ್ಟಿ ಗೊತ್ತು ಮಾಡಿದ್ದ ಲಾಡ್ಜಿನವನು, ನಾವು ಗಂಟುಮೂಟೆಯೊಂದಿಗೆ ಬಾಗಿಲಲ್ಲಿ ನಿಂತಾಗ, ಆ ದರಕ್ಕೆ ಕೋಣೆ ಇಲ್ಲ, ಉರುಸಿನ ದರವೇ ಬೇರೆ ಎಂದುಬಿಟ್ಟ. ಮಾತಿಗೆ ಮಾತು ಬೆಳೆಯಿತು. ಇಬ್ಬರು ಮುದುಕಿಯರು ಚಳಿಯಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದುದರಿಂದ ಹೆಚ್ಚು ಹೊತ್ತು ವಾದಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮುಂಗಡ ಹಣ ವಾಪಸು ಬರುವುದಕ್ಕೆ ಊರಿಗೆ ಮರಳಿದ ಮೇಲೂ ಕೆಲವು ವಾರ ಹಿಡಿಯಿತು. ಕೊನೆಗೆ ನಿಲ್ದಾಣದ ರಸ್ತೆಯಲ್ಲಿ, ದರ್ಗಾದಿಂದ ದೂರವಾದರೂ ಸ್ವಚ್ಛವಾದ ಕೋಣೆಯೊಂದು ಮಾಮೂಲಿನ ದುಪ್ಪಟ್ಟಿಗಿಂತ ಕಡಿಮೆಗೆ ಸಿಕ್ಕಿತು. ದರ್ಗಾ ಸಮಿತಿಯ ಅತಿಥಿಗೃಹಗಳೂ ಇವೆ, ಆದರೆ ಉರುಸಿಗೆ ಅವು ಬಹಳ ಮೊದಲೇ ತುಂಬುತ್ತವೆ. ನನ್ನ ಅನುಭವದಲ್ಲಿ ನಿಲ್ದಾಣದ ಕಡೆ ಉಳಿಯುವುದರಿಂದ ಇನ್ನೊಂದು ಅನುಕೂಲವುಂಟು: ದರ್ಗಾದ ಸುತ್ತ ಬಹುತೇಕ ಮಾಂಸಾಹಾರದ ಹೋಟೆಲುಗಳು, ನಿಲ್ದಾಣದ ಕಡೆ ಸಸ್ಯಾಹಾರದವು ಧಾರಾಳ. ಬೆಳಗಿನ ಕಢಿ ಕಚೋರಿಯನ್ನು ಅವ್ವ ಮೂಗು ಮುರಿಯುತ್ತಲೇ ತಿಂದು, ಮರುದಿನ ತಾವೇ ಕೇಳಿದರು.

ಇನ್ನು ಮುಖ್ಯವಾದ ವಿಷಯ. ಅಜ್ಮೀರಿಗೆ ಹೋಗಿ ಬಂದವರಲ್ಲಿ ಬಹಳಷ್ಟು ಜನ ಹಣದ ವಿಷಯದಲ್ಲಿ ಕಹಿಯಾಗಿ ಮಾತನಾಡುತ್ತಾರೆ. ಅಲ್ಲಿ ಯಾರು ಯಾರೆಂಬುದು ಗೊತ್ತಿಲ್ಲದೆ ಒಳಗೆ ಹೋಗುವುದೇ ಆ ಕಹಿಗೆ ಬಹುಮಟ್ಟಿಗೆ ಕಾರಣ ಎಂದು ನನಗೆ ಅನ್ನಿಸಿದೆ. ದರ್ಶನಕ್ಕೆ ಯಾವ ಶುಲ್ಕವೂ ಇಲ್ಲ, ಟಿಕೆಟೂ ಇಲ್ಲ, ಯಾವ ಜಾತಿ ಮತವೆಂದು ಕೇಳುವವರೂ ಇಲ್ಲ. ದರ್ಗಾದ ಆಡಳಿತವನ್ನು 1955ರ ದರ್ಗಾ ಖ್ವಾಜಾ ಸಾಹೇಬ್ ಕಾಯಿದೆಯಂತೆ ಕೇಂದ್ರ ಸರ್ಕಾರ ನೇಮಿಸುವ ಸಮಿತಿ ನೋಡಿಕೊಳ್ಳುತ್ತದೆ. ಮಜಾರಿನ, ಅಂದರೆ ಖ್ವಾಜಾರ ಸಮಾಧಿಯ, ಸೇವೆಯನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರು ಖಾದಿಮರು. ಅವರಲ್ಲಿ ಸೈಯದ್‌ಜಾದಗಾನ್ ಮತ್ತು ಶೇಖ್‌ಜಾದಗಾನ್ ಎಂಬ ಎರಡು ಅಂಜುಮನ್‌ಗಳು, ಅಂದರೆ ಸಂಘಗಳು ಇವೆ. ಇವರಿಬ್ಬರಲ್ಲದೆ ಸಜ್ಜಾದಾನಶೀನ್ ಅಥವಾ ದಿವಾನ್ ಎಂಬ ವಂಶಪಾರಂಪರ್ಯದ ಪೀಠವೂ ಇದೆ, ಉರುಸಿನ ರಾತ್ರಿಗಳ ಕವ್ವಾಲಿ ಕೂಟವಾದ ಮೆಹಫಿಲ್‌ಗೆ ಅವರದೇ ಅಧ್ಯಕ್ಷತೆ. ಸಮಿತಿಯ ಪೆಟ್ಟಿಗೆಗೆ ಹಾಕಿದ ಅಥವಾ ರಸೀದಿ ಪಡೆದು ಕೊಟ್ಟ ಹಣ ಸಮಿತಿಗೆ ಸೇರುತ್ತದೆ, ಖಾದಿಮರ ಕೈಗೆ ಕೊಟ್ಟ ನಜರಾನಾ (ಕಾಣಿಕೆ) ಖಾದಿಮರದು. ಇಷ್ಟು ತಿಳಿದಿದ್ದರೆ ಯಾರ ಕೈಗೆ ಎಷ್ಟು ಕೊಡಬೇಕೆಂಬುದನ್ನು ನೀವೇ ನಿರ್ಧರಿಸಬಹುದು.

ಖಾದಿಮರು ಯಾತ್ರಿಕರ ಪರವಾಗಿ ನಿಂತು ಪ್ರಾರ್ಥನೆ ಮಾಡಿಸುವವರಾದ್ದರಿಂದ ಅವರನ್ನು ವಕೀಲರೆಂದೂ ಕರೆಯುತ್ತಾರೆ. ಊರು, ಸೀಮೆ, ಮನೆತನಗಳ ಪ್ರಕಾರ ಯಾತ್ರಿಕರ ಹೆಸರು ಬರೆದಿಟ್ಟ ವಹಿಗಳು ಅವರ ಬಳಿ ಇರುತ್ತವೆ. ನಿಲ್ದಾಣದ ಹೊರಗೇ ಒಬ್ಬ, ತಾನು ಕರ್ನಾಟಕದವರ ಖಾದಿಮ, ನಿಮಗಾಗಿಯೇ ಕಾದಿದ್ದೇನೆ ಎಂದು ನಮ್ಮ ಚೀಲಕ್ಕೆ ಕೈ ಹಾಕಿದ. ಖಾಲಾ ದಖನಿಯಲ್ಲಿ ಅವನನ್ನು ನಯವಾಗಿ ವಿಚಾರಿಸಿದಾಗ ಅವನು ಯಾವ ಮನೆತನದವನೆಂದೂ ಹೇಳಲಾರದೆ ಜಾರಿಕೊಂಡ. ಕಲಬುರಗಿಯ ಪರಿಚಯದವರು ಹೆಸರು ಸೂಚಿಸಿದ್ದ ವೃದ್ಧ ಖಾದಿಮರೊಬ್ಬರನ್ನು ಫೋನ್ ಮಾಡಿ ಕರೆಸಿಕೊಂಡ ಮೇಲೆ ಉಳಿದವರು ತಾವಾಗಿಯೇ ದೂರವಾದರು. ಪರಿಚಿತರ ಮೂಲಕ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು, ಕೊಡುವ ಮೊತ್ತವನ್ನು ಹೊರಗೇ ಮಾತನಾಡಿಕೊಳ್ಳಿ. ಒಳಗೆ, ಜನರ ಒತ್ತಡದ ನಡುವೆ, 1,100, 2,100, 5,100 ಎಂದು ಕೇಳುವ ದನಿಗಳು ಬೇರೆ ಬೇರೆ ಕಡೆಯಿಂದ ಬರುತ್ತವೆ. ನಮ್ಮ ಖಾದಿಮರು ಇವರು ಎಂದು ತೋರಿಸಿ ಮುಂದೆ ನಡೆಯುವುದು ಅಸಭ್ಯತೆಯೇನಲ್ಲ. ನೂರರ ಮತ್ತು ಐವತ್ತರ ನೋಟುಗಳನ್ನು ಬೇರೆ ಇಟ್ಟುಕೊಂಡಿದ್ದರೆ ಪರ್ಸು ತೆಗೆಯುವ ಪ್ರಸಂಗವೇ ಬರುವುದಿಲ್ಲ.

2007ರ ಅಕ್ಟೋಬರ್ 11ರಂದು ದರ್ಗಾದ ಅಂಗಳದಲ್ಲಿ ಬಾಂಬು ಸಿಡಿದು ಮೂವರು ಸತ್ತ ಮೇಲೆ ತಪಾಸಣೆ ಬಿಗಿಯಾಗಿದೆ. ಚೀಲ, ಕ್ಯಾಮೆರಾ ಒಳಗೆ ಬಿಡುವುದಿಲ್ಲ, ಮೊಬೈಲ್ ಬಿಡುತ್ತಾರೆ. ಚೀಲವನ್ನು ಕೋಣೆಯಲ್ಲೇ ಬಿಟ್ಟು ಬರುವುದು ಲೇಸು, ಬಜಾರಿನ ಅಂಗಡಿಗಳವರು ಇಟ್ಟುಕೊಳ್ಳುತ್ತೇವೆ ಎನ್ನುವುದು ತಮ್ಮಲ್ಲಿಯೇ ಚಾದರ, ಹೂವು ಕೊಳ್ಳಲಿ ಎಂಬ ಉದ್ದೇಶದಿಂದ. ಚಾದರ ಕೆಲವು ನೂರು ರೂಪಾಯಿಯಿಂದ ಹಲವು ಸಾವಿರದವರೆಗೂ ಇದೆ. ನಾವು ಕೊಂಡ ಅಂಗಡಿಯವರು ಸಿಂಧಿಗಳು. ಗಲ್ಲಾಪೆಟ್ಟಿಗೆಯ ಮೇಲೆ ಝೂಲೇಲಾಲರ ಪಟವಿತ್ತು, ಅದರ ಪಕ್ಕದಲ್ಲಿ ದರ್ಗಾದ ಗುಮ್ಮಟದ ಪಟ. ಗಂಡಸರು ತಲೆಗೆ ಟೋಪಿಯನ್ನೋ ಕರವಸ್ತ್ರವನ್ನೋ ಕಟ್ಟಿಕೊಳ್ಳಬೇಕು, ಹೆಂಗಸರು ಸೆರಗು ಹೊದೆಯಬೇಕು. ಅವ್ವನಿಗೆ ಇದು ಹೊಸದಾಗಿರಲಿಲ್ಲ.

ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಟ್ಟಿಸಿದ ನಿಜಾಮ್ ಗೇಟ್, ಆಮೇಲೆ ಶಾಹಜಹಾನಿ ದರವಾಜಾ, ಆಮೇಲೆ ಬುಲಂದ್ ದರವಾಜಾ, ಹೀಗೆ ಒಂದಾದ ಮೇಲೊಂದು ಬಾಗಿಲು ದಾಟಿದರೆ ಎರಡೂ ಬದಿಯಲ್ಲಿ ಕಟ್ಟೆಗಳ ಮೇಲೆ ಅಡುಗೆಯ ದೊಡ್ಡ ಹಂಡೆಗಳಾದ ಆ ಪ್ರಸಿದ್ಧ ದೇಗ್‌ಗಳು ಕಾಣುತ್ತವೆ. ದೊಡ್ಡದು ಅಕ್ಬರನ ಕಾಣಿಕೆ, ಸುಮಾರು 4,800 ಕಿಲೋ ಅಡುಗೆ ಹಿಡಿಯುತ್ತದೆ. ಚಿಕ್ಕದು ಜಹಾಂಗೀರನದು, ಅದರ ಅರ್ಧದಷ್ಟು. ಇದೇ ಜಹಾಂಗೀರ ಹುಟ್ಟಿದ ಮೇಲೆ, 1570ರಲ್ಲಿ, ಅಕ್ಬರ್ ಆಗ್ರಾದಿಂದ ಇಲ್ಲಿಯವರೆಗೆ ಕಾಲ್ನಡಿಗೆಯಲ್ಲಿ ಬಂದು ಹರಕೆ ತೀರಿಸಿದ. ಮೊಮ್ಮಗಳಿಗಾಗಿ ಬಂದ ಖಾಲಾ ಆ ಕಥೆ ಕೇಳಿ, ತಾವು ಎ.ಸಿ. ಬೋಗಿಯಲ್ಲಿ ಬಂದದ್ದು ಸಲ್ಲುತ್ತದೆಯೋ ಇಲ್ಲವೋ ಎಂದು ನಕ್ಕರು.

ದೇಗ್‌ನ ಪ್ರಸಾದವನ್ನು ತಿನ್ನಬಹುದೇ ಎಂಬುದು ಅವ್ವನ ಪ್ರಶ್ನೆಯಾಗಿತ್ತು. ನಮ್ಮ ಕಡೆಯ ಸಸ್ಯಾಹಾರಿಗಳು ಎಲ್ಲರೂ ಕೇಳುವ ಪ್ರಶ್ನೆ ಇದು, ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ: ಎರಡೂ ದೇಗ್‌ಗಳಲ್ಲಿ ಬೇಯಿಸುವುದು ಅಕ್ಕಿ, ತುಪ್ಪ, ಸಕ್ಕರೆ, ಕೇಸರಿ, ದ್ರಾಕ್ಷಿ, ಗೋಡಂಬಿ ಹಾಕಿದ ಸಿಹಿ ಅನ್ನ. ಮಾಂಸ ಅದರೊಳಗೆ ಬೀಳುವುದೇ ಇಲ್ಲ. ಎಲ್ಲ ಮತದವರೂ ತಿನ್ನಲೆಂದೇ ಈ ಪದ್ಧತಿ. ದಿನವೂ ಹಂಚುವ ಲಂಗರಿನಲ್ಲಿ ಕೊಡುವುದು ಉಪ್ಪು ಹಾಕಿ ಬೇಯಿಸಿದ ಜವೆಯ ಗಂಜಿ. ಅವ್ವ ಅದನ್ನು ಬಾಯಿಗಿಟ್ಟು, ನಮ್ಮ ಜೋಳದ ನುಚ್ಚಿನ ತಂಗಿ ಇದು ಎಂದರು. ಇಡೀ ದೇಗ್ ಮಾಡಿಸಲು ಲಕ್ಷದ ಲೆಕ್ಕದಲ್ಲಿ ಹಣ ಬೇಕು. ನಮ್ಮಂಥವರು ಅದಕ್ಕೆ ತಮ್ಮ ಪಾಲೆಂದು ಯಥಾಶಕ್ತಿ ಸಲ್ಲಿಸಬಹುದು. ಕಟ್ಟೆ ಹತ್ತಿ ನೋಡಿದರೆ ಕೆಳಗೆ ನೋಟು, ನಾಣ್ಯ, ಅಕ್ಕಿಯ ಚೀಲ ಎಲ್ಲ ಕಾಣುತ್ತವೆ. ಆ ಮೆಟ್ಟಿಲುಗಳು ಕಡಿದಾಗಿವೆ, ಹಿರಿಯರನ್ನು ಹತ್ತಿಸಬೇಡಿ.

ಮಜಾರಿನ ಒಳಗೆ ನಾವು ನಿಂತದ್ದು ಕೆಲವೇ ಕ್ಷಣ. ಇಲ್ಲಿ ಹೆಂಗಸರಿಗೆ ಒಳಗಿನವರೆಗೂ ಪ್ರವೇಶವಿದೆ, ದಿಲ್ಲಿಯ ನಿಜಾಮುದ್ದೀನ್ ದರ್ಗಾದಲ್ಲಿ ಹಾಗಿಲ್ಲ. ಬೆಳ್ಳಿಯ ಕಟಕಟೆಯ ಬಳಿ ಖಾದಿಮರು ಇಬ್ಬರು ಮುದುಕಿಯರ ತಲೆಯ ಮೇಲೂ ಒಂದೇ ಚಾದರದ ಅಂಚನ್ನು ಹೊದಿಸಿ, ನವಿಲುಗರಿಯ ಕುಂಚದಿಂದ ಸವರಿ, ಹೆಸರು ಕೇಳಿ ದುವಾ ಮಾಡಿಸಿದರು. ಅವ್ವನ ಹೆಸರು ಕೇಳಿದ ಮೇಲೂ ಅವರ ದನಿ ಸ್ವಲ್ಪವೂ ಬದಲಾಗಲಿಲ್ಲ. ಯಾವ ಊರು ಎಂದು ಮಾತ್ರ ಮತ್ತೊಮ್ಮೆ ಕೇಳಿ ಹುಬ್ಬಳ್ಳಿ ಎಂಬುದನ್ನು ಸರಿಯಾಗಿ ಉಚ್ಚರಿಸಿದರು. ಹಿಂದಿನಿಂದ ಜನ ತಳ್ಳುತ್ತಿದ್ದರು. ಖಾಲಾ ಅಳುತ್ತಿದ್ದರು. ಅವರ ಕೈಯಲ್ಲಿದ್ದ ಗುಲಾಬಿಯ ಬುಟ್ಟಿ ಯಾರದೋ ಹೆಗಲಿಗೆ ತಗುಲಿ ಅರ್ಧ ಹೂವು ನೆಲದ ಪಾಲಾಯಿತು, ಉಳಿದರ್ಧವನ್ನು ಸಲ್ಲಿಸಿ ಹೊರಬಂದೆವು. ಮಾಮೂಲಿ ದಿನಗಳಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ ಸಮಾಧಿಯನ್ನು ಶುಚಿಗೊಳಿಸುವ ಸೇವೆಯಾದ ಖಿದ್ಮತ್‌ಗಾಗಿ ಒಳಭಾಗವನ್ನು ಮುಚ್ಚುತ್ತಾರೆ, ಸಂಜೆ ಮಗ್ರಿಬ್ ನಮಾಜಿಗೆ ಸ್ವಲ್ಪ ಮೊದಲು ದೀಪ ಹಚ್ಚುವ ರೋಶನಿಯ ವಿಧಿ ನಡೆಯುತ್ತದೆ. ನಿರಾಳವಾಗಿ ನೋಡಬೇಕೆನ್ನುವವರು ಮುಂಜಾವಿನಲ್ಲಿ ಹೋಗುವುದು ಮೇಲು, ರೋಶನಿಯನ್ನು ಅಂಗಳದಲ್ಲಿ ಕುಳಿತೇ ಕಾಣಬಹುದು. ಅಂಗಳದಲ್ಲಿ ಶಾಹಜಹಾನನ ಮಗಳು ಜಹನಾರಾ ಕಟ್ಟಿಸಿದ ಬೇಗಮಿ ದಾಲಾನಿನ ಎದುರು ಕವ್ವಾಲಿ ಕೇಳುತ್ತ ಕುಳಿತ ಸಂಜೆ, ನಮ್ಮ ಪಕ್ಕದಲ್ಲಿ ನಾಗೌರ್ ಕಡೆಯ ರೈತ ಕುಟುಂಬವೊಂದು ಮಗುವಿನ ಹರಕೆಗೆ ಬಂದಿತ್ತು. ಅವರು ಹಿಂದೂಗಳು, ಪ್ರತಿವರ್ಷ ಬರುವವರು. ಆ ಮನೆಯ ಹಿರಿಯಾಕೆಗೂ ಅವ್ವನಿಗೂ ಒಂದು ಸಾಮಾನ್ಯ ಭಾಷೆ ಇರಲಿಲ್ಲವಾದರೂ, ಮೊಣಕಾಲು ನೋವಿಗೆ ಯಾವ ಎಣ್ಣೆ ಹಚ್ಚುವುದೆಂಬ ಸಂಭಾಷಣೆ ಕೈಸನ್ನೆಯಲ್ಲಿ ಬಹಳ ಹೊತ್ತು ನಡೆಯಿತು.

ಜನ್ನತಿ ದರವಾಜಾದ ವಿಷಯದಲ್ಲಿ ಚಂದ್ರನ ತೊಡಕು ಮತ್ತೆ ಎದುರಾಯಿತು. ಪಶ್ಚಿಮದ ಈ ಬಾಗಿಲು ವರ್ಷಕ್ಕೆ ನಾಲ್ಕೇ ಬಾರಿ, ಅಂದರೆ ಉರುಸಿನಲ್ಲಿ, ಎರಡು ಈದ್‌ಗಳಲ್ಲಿ ಮತ್ತು ಖ್ವಾಜಾರ ಗುರು ಉಸ್ಮಾನ್ ಹಾರೂನಿಯವರ ಉರುಸಿನಂದು ತೆರೆಯುತ್ತದೆ. ಏಳು ಸಲ ಅದನ್ನು ಹಾದುಹೋದವರಿಗೆ ಸ್ವರ್ಗ ದೊರೆಯುತ್ತದೆ ಎಂಬ ನಂಬಿಕೆಯಿಂದ ಸಾಲು ಬೆಳೆಯುತ್ತದೆ. ರಜಬ್‌ನ ಚಂದ್ರ ಕಾಣುವ ನಿರೀಕ್ಷೆಯಲ್ಲಿ ಬೆಳಗ್ಗೆಯೇ ತೆರೆದು, ಅಂದು ಚಂದ್ರ ಕಾಣದಿದ್ದರೆ ಮತ್ತೆ ಮುಚ್ಚುವುದೂ ಉಂಟು. ಆದ್ದರಿಂದ ಮೊದಲ ದಿನದ ಮೇಲೆ ಭಾರ ಹಾಕದೆ ಇರುವುದು ಒಳ್ಳೆಯದು. ಸಾಲಿನಲ್ಲಿ ಎರಡು ಗಂಟೆ ಕಳೆದ ಮೇಲೆ ಖಾಲಾ ಒಂದು ಸಲ ಹಾದರು. ಏಳರ ಲೆಕ್ಕವನ್ನು ತಾವೇ ಬಿಟ್ಟುಕೊಟ್ಟರು. ಅವರು ಹೊರಬರುವ ಬಾಗಿಲು ಬೇರೆಯಾದ್ದರಿಂದ ನಮ್ಮಿಂದ ತಪ್ಪಿಸಿಕೊಂಡರು. ಮೊಬೈಲಿನ ಸಂಪರ್ಕ ಆ ಜನಸಂದಣಿಯಲ್ಲಿ ಕೆಲಸ ಮಾಡಲಿಲ್ಲ. ಧ್ವನಿವರ್ಧಕದಲ್ಲಿ ಕಳೆದುಹೋದವರ ಹೆಸರುಗಳನ್ನು ಒಂದೇ ಸಮನೆ ಕೂಗುತ್ತಿದ್ದರು. ನಾನೂ ಹೋಗಿ ಹೆಸರು ಬರೆಸಿದೆ. ಸ್ವಯಂಸೇವಕ ಹುಡುಗನೊಬ್ಬ ಅವರನ್ನು ಶಾಹಜಹಾನಿ ಮಸೀದಿಯ ಕಟ್ಟೆಯ ಬಳಿಯಿಂದ ಕರೆತರುವಷ್ಟರಲ್ಲಿ ಅವ್ವ ಎಷ್ಟು ಗಾಬರಿಯಾಗಿದ್ದರೆಂದರೆ, ಖಾಲಾ ಸಿಕ್ಕ ಕೂಡಲೇ ಮೊದಲು ಬೈದರು. ಹಿರಿಯರ ಕೊರಳಿಗೆ ಹೆಸರು, ನಿಮ್ಮ ಫೋನ್ ಸಂಖ್ಯೆ, ಲಾಡ್ಜಿನ ಹೆಸರುಗಳನ್ನು ಹಿಂದಿಯಲ್ಲಿ ಬರೆದ ಚೀಟಿಯೊಂದನ್ನು ಹಾಕಿ ಕಳುಹಿಸಿ, ಒಂದು ವೇಳೆ ತಪ್ಪಿಸಿಕೊಂಡರೆ ಕಾಯಬೇಕಾದ ಜಾಗವನ್ನು ಮೊದಲೇ ತೋರಿಸಿಡಿ. ಕನ್ನಡದಲ್ಲಿ ಬರೆದ ಚೀಟಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ರಜಬ್ 6ರಂದು ನಡೆಯುವ ಕುಲ್‌ಗೆ ಉಳಿಯಬಾರದೆಂದು ಮೊದಲೇ ತೀರ್ಮಾನಿಸಿದ್ದೆವು, ಆ ದಿನದ ಜನದಟ್ಟಣೆ ಇಂಥ ವಯಸ್ಸಿನವರಿಗೆ ತರವಲ್ಲ. ಹರಕೆ ಉರುಸಿಗೇ ಎಂದಿಲ್ಲದವರು ಪ್ರತಿ ಹಿಜರಿ ತಿಂಗಳ 6ರಂದು ನಡೆಯುವ ಛಠೀ ಶರೀಫ್‌ಗೆ ಹೋಗುವುದು ಎಷ್ಟೋ ಸುಲಭ.

ಮಧ್ಯದ ಒಂದು ದಿನ ಪುಷ್ಕರಕ್ಕೆ ಹೋದೆವು. ಅಜ್ಮೀರಿನಿಂದ ಹದಿನೈದು ಕಿಲೋಮೀಟರಿನೊಳಗೆ, ನಾಗಪಹಾಡ್ ಬೆಟ್ಟ ದಾಟಿದರೆ ಆಚೆಗೆ ಬ್ರಹ್ಮನ ದೇವಾಲಯ ಮತ್ತು ಸರೋವರ. ಬಸ್ಸುಗಳು ಆಗಾಗ ಇವೆ. ಹಣದ ವಿಷಯದಲ್ಲಿ ದರ್ಗಾದ ಬಗ್ಗೆ ಗೊಣಗುವವರು ಪುಷ್ಕರದ ಘಾಟಿನಲ್ಲಿ ಕೂಡ ಹೋಗಿ ನಿಲ್ಲಬೇಕು. ಅಲ್ಲಿಯೂ ಪಂಡಾಗಳು, ಅಲ್ಲಿಯೂ ಮನೆತನದ ವಹಿಗಳು, ಅಲ್ಲಿಯೂ ಕೈಗೆ ಹೂವಿಟ್ಟು ಸಂಕಲ್ಪ ಹೇಳಿಸಿ ನಡುವೆ ಮೊತ್ತ ಕೇಳುವ ಕ್ರಮ. ದರ್ಗಾದಲ್ಲಿ ಅವ್ವನ ಪರವಾಗಿ ಮಾತನಾಡಿದ್ದ ಖಾಲಾ, ಇಲ್ಲಿಯೂ ತಮ್ಮ ದಖನಿಯಲ್ಲೇ ಪಂಡಾನೊಂದಿಗೆ ಚೌಕಾಶಿ ಮಾಡಿ ಐನೂರೊಂದನ್ನು ಐವತ್ತೊಂದಕ್ಕೆ ಇಳಿಸಿದರು. ಬುರ್ಖಾದ ಹೆಂಗಸೊಬ್ಬರು ಪೂಜೆಯ ದಕ್ಷಿಣೆಗೆ ವಾದಿಸುವುದನ್ನು ಕಂಡು ಘಾಟಿನ ಮೇಲಿದ್ದವರೆಲ್ಲ ನಕ್ಕರು, ಪಂಡಾ ಕೂಡ. ಬೇಕೆಂದಾಗ ಬೇಡ ಎನ್ನುವ ಹಕ್ಕು ಎರಡೂ ಕಡೆ ಯಾತ್ರಿಕನಿಗೆ ಇದ್ದೇ ಇದೆ.

ಬಸ್ಸಿನ ಕಿಟಕಿಯಿಂದ ಪುಷ್ಕರದ ಸುತ್ತಲಿನ ಗುಲಾಬಿ ತೋಟಗಳು ಕಂಡವು. ದರ್ಗಾ ಬಜಾರಿನ ಬುಟ್ಟಿಗಳನ್ನು ತುಂಬುವ ಹೂವು ಈ ತೋಟಗಳದು; ಪುಷ್ಕರದ ಪೂಜೆಗೂ ಇಲ್ಲಿನದೇ ಹೂವು. ಉರುಸಿನ ವಾರದಲ್ಲಿ ಬೆಲೆ ಏರುತ್ತದೆ ಎಂದು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಬೆಳೆಗಾರರೊಬ್ಬರು ಹೇಳಿದರು. ಸಮಯವಿದ್ದವರು ಅಜ್ಮೀರಿನಲ್ಲಿಯೇ ಸೋನೀಜಿ ಕೀ ನಸಿಯಾಂ ಎಂಬ ಕೆಂಪು ಕಲ್ಲಿನ ಜೈನ ಮಂದಿರವನ್ನೂ, ಅದರೊಳಗಿನ ಚಿನ್ನದ ಲೇಪದ ಅಯೋಧ್ಯಾ ನಗರಿಯ ಮಾದರಿಯನ್ನೂ, ದರ್ಗಾದ ಹಿಂಬದಿಗಿರುವ ಅಢಾಯಿ ದಿನ್ ಕಾ ಝೋಂಪಡಾ ಎಂಬ ಹಳೆಯ ಮಸೀದಿಯನ್ನೂ ನೋಡಬಹುದು. ನಮಗೆ ಕಾಲಲ್ಲಿ ಶಕ್ತಿ ಉಳಿದಿರಲಿಲ್ಲ.

ಖರ್ಚಿನ ಬಗ್ಗೆ ಸ್ಥೂಲವಾಗಿ ಹೇಳುವುದಾದರೆ, ಹೋಗಿಬರುವ ರೈಲಿನ ವೆಚ್ಚವೇ ಅರ್ಧದಷ್ಟಾಯಿತು. ಉಳಿದುದರಲ್ಲಿ ದೊಡ್ಡ ಪಾಲು ಕೋಣೆಯ ಬಾಡಿಗೆಗೆ ಹೋಯಿತು. ಚಾದರ, ಹೂವು, ನಜರಾನಾ, ದೇಗ್‌ನ ಪಾಲು ಎಲ್ಲ ಸೇರಿ ಕೋಣೆಯ ಎರಡು ದಿನದ ಬಾಡಿಗೆಗಿಂತ ಕಡಿಮೆ. ಮಂದಿ ಹೆದರಿಸುವಷ್ಟು ಹಣ ದರ್ಗಾದೊಳಗೆ ಖರ್ಚಾಗುವುದಿಲ್ಲ, ಖರ್ಚಾಗುವುದು ದಾರಿಯಲ್ಲಿ. ಊರಿನಲ್ಲಿ ಹಂಚಲು ಸೋಹನ್ ಹಲ್ವಾ ಕೊಳ್ಳುವವರು ಬಜಾರಿನ ಮೊದಲ ಅಂಗಡಿಯಲ್ಲಿಯೇ ಕೊಳ್ಳದೆ ನಾಲ್ಕು ಕಡೆ ರುಚಿ ನೋಡಲಿ. ಬೆಲೆ ಒಂದೇ, ತುಪ್ಪ ಒಂದೇ ಅಲ್ಲ.

ಕೊನೆಯದಾಗಿ ವಿಳಾಸದ ವಿಷಯ. ಹೊರಡುವಾಗ ಖಾದಿಮರು ವಹಿಯಲ್ಲಿ ಹೆಸರು, ಊರು, ಫೋನ್ ಸಂಖ್ಯೆ ಬರೆದುಕೊಳ್ಳುತ್ತಾರೆ. ಮುಂದಿನ ಉರುಸಿಗೆ ಆಹ್ವಾನಪತ್ರವೂ, ನಜರಾನಾ ಕಳುಹಿಸಿ ನಿಮ್ಮ ಹೆಸರಿನಲ್ಲಿ ದುವಾ ಮಾಡಿಸುತ್ತೇವೆ ಎಂಬ ಸಂದೇಶವೂ ಬರತೊಡಗುತ್ತವೆ. ಬೇಡವೆನ್ನುವವರು ಸಂಖ್ಯೆ ಕೊಡದೆ ಬರಬಹುದು, ಯಾರೂ ಬಲವಂತ ಮಾಡುವುದಿಲ್ಲ. ಖಾಲಾ ತಮ್ಮ ವಿಳಾಸ ಕೊಟ್ಟರು. ಅವ್ವನಿಗೆ ಫೋನಿಲ್ಲ; ಖಾಲಾ ಅವರ ಹೆಸರಿನ ಕೆಳಗೆಯೇ ತಮ್ಮ ಹೆಸರನ್ನೂ ಬರೆಸಿದ್ದಾರೆ, ಹಾಗಾಗಿ ಛಠೀ ಶರೀಫಿನ ಸಂದೇಶ ಈಗ ಪ್ರತಿ ತಿಂಗಳೂ ಎರಡು ಮನೆಯ ಪರವಾಗಿ ಒಂದೇ ಫೋನಿಗೆ ಬರುತ್ತಿದೆ.